ಏರ್ ಟ್ಯಾಕ್ಸಿಗಳನ್ನು ಹೋಲಿಸುವುದು ಹೇಗೆ: ಸಾಂಬ್ರಾ–ಟಿಳಕವಾಡಿ ದಾರಿಯ ಲೆಕ್ಕದೊಂದಿಗೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಟಿಳಕವಾಡಿಗೆ ಹನ್ನೆರಡು ಹದಿಮೂರು ಕಿಲೋಮೀಟರ್ ದಾರಿ. ಸಾಮಾನ್ಯ ದಿನಗಳಲ್ಲಿ ಕಾರಿಗೆ ಅರ್ಧ ಗಂಟೆ ಹಿಡಿಯುತ್ತದೆ, ರೈಲ್ವೆ ಗೇಟು ಬಿದ್ದಿದ್ದರೆ ಇನ್ನು ಹತ್ತು ನಿಮಿಷ ಕೂಡುತ್ತದೆ. ನಗರದೊಳಗಿನ ಗಿಡ್ಡ ಪ್ರಯಾಣಕ್ಕೆ ವಿದ್ಯುತ್ ಚಾಲಿತ ಏರ್ ಟ್ಯಾಕ್ಸಿಗಳು ಬರಲಿವೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನೆರೆಮನೆಯ ಹಿರಿಯರೊಬ್ಬರು ನನ್ನನ್ನು ತಡೆದು ಕೇಳುತ್ತಾರೆ: “ಸರ, ಇದು ನಮ್ಮ ಊರಿಗೆ ಉಪಯೋಗ ಬೀಳತೈತೇನ್ರಿ?” ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದೇಕೆ ಎಂದು ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಬೆಂಗಳೂರು, ದೆಹಲಿ, ದುಬೈಗಳಿಗೆ ಹೋಗಿಬರುವ ನಮ್ಮ ಕಡೆಯ ಜನರ ಮುಂದೆ ಈ ಟಿಕೆಟ್ ಎಂದಾದರೂ ಬಂದು ನಿಲ್ಲಬಹುದು, ಈ ಕಂಪನಿಗಳಲ್ಲಿ ಹಣ ಹೂಡಬೇಕೇ ಎಂದು ಕೇಳುವವರು ಈಗಲೇ ಇದ್ದಾರೆ, ನಗರದಲ್ಲಿ ಇಳಿದಾಣಕ್ಕೆ ಜಾಗ ಕೊಡಬೇಕೇ ಎಂಬ ಪ್ರಶ್ನೆಯೂ ಒಂದು ದಿನ ಬರಬಹುದು. ಈ ಮೂವರಿಗೂ ಬೇಕಾದದ್ದು ಒಂದೇ ಬಗೆಯ ಹೋಲಿಕೆ.

ಕಂಪನಿಗಳ ಪ್ರಚಾರಪತ್ರದಲ್ಲಿ ವೇಗ, ದೂರ, ಆಸನ ಎಂಬ ಮೂರು ಅಂಕಿಗಳು ದೊಡ್ಡ ಅಕ್ಷರದಲ್ಲಿರುತ್ತವೆ. ಆ ಮೂರನ್ನು ಅಕ್ಕಪಕ್ಕ ಇಟ್ಟು ತೂಗಿದರೆ ತಪ್ಪು ಉತ್ತರವೇ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೋಲಿಕೆ ನಡೆಯಬೇಕಾದದ್ದು ನಿಮ್ಮದೇ ಒಂದು ದಾರಿಯ ಮೇಲೆ, ನಿಮ್ಮ ಊರಿನ ಹವೆಯಲ್ಲಿ, ಮನೆಯ ಬಾಗಿಲಿನಿಂದ ಹೊರಟು ತಲುಪಬೇಕಾದ ಬಾಗಿಲಿನವರೆಗೆ. ಅದನ್ನು ಹೇಗೆ ಮಾಡಬೇಕೆಂದು ಹಂತ ಹಂತವಾಗಿ ಕೆಳಗೆ ಬರೆದಿದ್ದೇನೆ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಹಂತ 1: ದಾರಿಯನ್ನು ಬರೆದುಕೊಳ್ಳಿ

ಹಾಳೆಯ ಮೇಲ್ಭಾಗದಲ್ಲಿ ನೀವು ನಿಜವಾಗಿ ಓಡಾಡುವ ಎರಡು ಮೂರು ದಾರಿಗಳನ್ನು ಬರೆಯಿರಿ. ಪ್ರತಿಯೊಂದರ ಎದುರು ರಸ್ತೆಯ ದೂರ, ನೇರ ಗೆರೆಯ ದೂರ, ಈಗ ತಗಲುವ ಸಮಯ, ಈಗಿನ ಖರ್ಚು ಇರಲಿ. ನೇರ ಗೆರೆಯ ದೂರವನ್ನು ಮೊಬೈಲಿನ ನಕ್ಷೆಯಲ್ಲಿ ಅಳೆಯಬಹುದು. ನನ್ನ ಹಾಳೆಯಲ್ಲಿ ಮೂರು ಸಾಲುಗಳಿವೆ. ಮೊದಲನೆಯದು ಸಾಂಬ್ರಾದಿಂದ ಟಿಳಕವಾಡಿ. ಎರಡನೆಯದು ಬೆಳಗಾವಿಯಿಂದ ಹುಬ್ಬಳ್ಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿಗೆ ತುಸು ಕಡಿಮೆ, ನೇರ ಗೆರೆಯಲ್ಲಿ ಸುಮಾರು 85. ಮೂರನೆಯದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಿಂದ ಕೆಂಪೇಗೌಡ ವಿಮಾನ ನಿಲ್ದಾಣ; ನೇರ ಗೆರೆಯಲ್ಲಿ 40 ಕಿಲೋಮೀಟರಿನ ಆಸುಪಾಸು ಇದ್ದರೂ ದಟ್ಟಣೆಯ ಹೊತ್ತಿನಲ್ಲಿ ಎರಡು ಗಂಟೆ ನುಂಗುವ ದಾರಿ ಅದು.

ಈ ಮೂರು ದಾರಿಗಳಲ್ಲಿ ಯಾವುದಕ್ಕೆ ಯಾವ ಯಂತ್ರ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂಬುದು ಮುಂದಿನ ಹಂತಗಳಲ್ಲಿ ಗೊತ್ತಾಗುತ್ತದೆ.

ಹಂತ 2: ಯಂತ್ರದ ಜಾತಿಯನ್ನು ಗುರುತಿಸಿ

ನೇರವಾಗಿ ಮೇಲೇರಿ ನೇರವಾಗಿ ಇಳಿಯುವ ಈ ವಿದ್ಯುತ್ ವಿಮಾನಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳಿವೆ. ಹೆಸರುಗಳನ್ನು ಮರೆತರೂ ನಡೆಯುತ್ತದೆ, ಚಿತ್ರ ನೋಡಿ ಜಾತಿ ಹೇಳಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಜಾತಿಗೆ ರೆಕ್ಕೆಯಿಲ್ಲ. ಮದುವೆಗಳಲ್ಲಿ ಫೋಟೋ ತೆಗೆಯಲು ಹಾರಿಸುವ ಡ್ರೋನನ್ನೇ ಮನುಷ್ಯರು ಕೂರುವಷ್ಟು ದೊಡ್ಡದು ಮಾಡಿದಂತೆ ಅದು ಕಾಣುತ್ತದೆ. ಚೀನಾದ ಗ್ವಾಂಗ್‌ಝೌ ನಗರದ ಇಹ್ಯಾಂಗ್ ಕಂಪನಿಯ ಇಎಚ್216-ಎಸ್ ಈ ಜಾತಿಯದು: ಎಂಟು ತೋಳು, 16 ಪ್ರೊಪೆಲ್ಲರ್, ಇಬ್ಬರು ಪ್ರಯಾಣಿಕರು, ಒಳಗೆ ಪೈಲಟ್ ಇಲ್ಲ, ಗರಿಷ್ಠ ವೇಗ ಗಂಟೆಗೆ 130 ಕಿ.ಮೀ., ಹಾರುವ ದೂರ 30 ಕಿ.ಮೀ., ಹಾರಾಟದ ಅವಧಿ ಸುಮಾರು 25 ನಿಮಿಷ. ಜರ್ಮನಿಯ ವೊಲೊಕಾಪ್ಟರ್ ಕಂಪನಿಯ ವೊಲೊಸಿಟಿಯೂ ಇದೇ ಜಾತಿಗೆ ಸೇರಿದ್ದು. ಅದಕ್ಕೆ 18 ಪ್ರೊಪೆಲ್ಲರ್, ಎರಡು ಆಸನ, ಅದರಲ್ಲೊಂದು ಪೈಲಟ್‌ನದು. ರಚನೆ ಸರಳವಾಗಿರುವುದು ಈ ಜಾತಿಯ ಗುಣ. ಗಾಳಿಯಲ್ಲಿರುವಷ್ಟು ಹೊತ್ತೂ ಇಡೀ ಭಾರವನ್ನು ಪ್ರೊಪೆಲ್ಲರುಗಳೇ ಹೊತ್ತಿರಬೇಕಾಗುವುದು ದೋಷ. ಹೆಡಿಗೆಯನ್ನು ತಲೆಯ ಮೇಲೆ ಹೊತ್ತು ನಡೆಯುವುದಕ್ಕೂ ಚಕ್ಕಡಿಯಲ್ಲಿಟ್ಟು ಎಳೆಯುವುದಕ್ಕೂ ಇರುವ ವ್ಯತ್ಯಾಸವೇ ರೆಕ್ಕೆಯಿಲ್ಲದ ಯಂತ್ರಕ್ಕೂ ರೆಕ್ಕೆಯುಳ್ಳ ಯಂತ್ರಕ್ಕೂ ಇದೆ.

ಎರಡನೆಯ ಜಾತಿಗೆ ರೆಕ್ಕೆಯಿದೆ, ಮೇಲೆತ್ತುವ ಪ್ರೊಪೆಲ್ಲರುಗಳು ಬೇರೆ, ಮುಂದೆ ನೂಕುವ ಪ್ರೊಪೆಲ್ಲರ್ ಬೇರೆ. ಬ್ರೆಜಿಲಿನ ಎಂಬ್ರಾಯರ್ ಸಂಸ್ಥೆಯಿಂದ ಹುಟ್ಟಿದ ಈವ್ ಕಂಪನಿಯ ವಿಮಾನ ಇಂಥದ್ದು. ಅದರ ಎಂಟು ಪ್ರೊಪೆಲ್ಲರುಗಳು ಎತ್ತಲು ಮಾತ್ರ, ನೂಕುವ ಕೆಲಸ ಹಿಂಬದಿಯದು. ಮುಂದೆ ಸಾಗುವಾಗ ಎತ್ತುವ ಪ್ರೊಪೆಲ್ಲರುಗಳು ಕೆಲಸವಿಲ್ಲದೆ ನಿಂತು ಗಾಳಿಗೆ ಅಡ್ಡವಾಗುತ್ತವೆ.

ಮೂರನೆಯ ಜಾತಿಯಲ್ಲಿ ಪ್ರೊಪೆಲ್ಲರುಗಳೇ ತಿರುಗಿಕೊಳ್ಳುತ್ತವೆ: ಏರುವಾಗ ಆಕಾಶಕ್ಕೆ ಮುಖ, ಸಾಗುವಾಗ ಮುಂದಕ್ಕೆ ಮುಖ. ಅಮೆರಿಕದ ಜೋಬಿ ಕಂಪನಿಯ ವಿಮಾನದಲ್ಲಿ ಆರೂ ಪ್ರೊಪೆಲ್ಲರುಗಳು ಹೀಗೆ ತಿರುಗುತ್ತವೆ. ಪೈಲಟ್ ಮತ್ತು ನಾಲ್ವರು ಪ್ರಯಾಣಿಕರು, ಗರಿಷ್ಠ ವೇಗ ಗಂಟೆಗೆ ಸುಮಾರು 320 ಕಿ.ಮೀ. ಅದೇ ದೇಶದ ಆರ್ಚರ್ ಕಂಪನಿಯ ಮಿಡ್‌ನೈಟ್‌ನಲ್ಲಿ 12 ಪ್ರೊಪೆಲ್ಲರುಗಳಿದ್ದು ಮುಂಭಾಗದ ಆರು ತಿರುಗುತ್ತವೆ, ಹಿಂದಿನ ಆರು ಎತ್ತುವುದಕ್ಕಷ್ಟೇ. ವೇಗ ಗಂಟೆಗೆ 240 ಕಿ.ಮೀ., ಅಲ್ಲಿಯೂ ಪೈಲಟ್ ಮತ್ತು ನಾಲ್ವರು. ತಿರುಗುವ ಕೀಲುಗಳು ಹೆಚ್ಚಿದಷ್ಟೂ ತಪಾಸಣೆಯ ಕೆಲಸವೂ ಹೆಚ್ಚುತ್ತದೆ ಎಂಬುದನ್ನು ಇಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ರಾಜ್ಯದ್ದನ್ನೂ ಹೆಸರಿಸಬೇಕು. ಬೆಂಗಳೂರಿನ ಸರಳಾ ಏವಿಯೇಷನ್ 2025ರ ಜನವರಿಯಲ್ಲಿ ದೆಹಲಿಯ ವಾಹನ ಪ್ರದರ್ಶನದಲ್ಲಿ ‘ಶೂನ್ಯ’ ಎಂಬ ಮಾದರಿಯನ್ನು ತೋರಿಸಿತು. ಆರು ಪ್ರಯಾಣಿಕರು, ಗಂಟೆಗೆ 250 ಕಿ.ಮೀ. ವೇಗ, 160 ಕಿ.ಮೀ. ದೂರ ಎಂಬುದು ಅದರ ಗುರಿ. ಆದರೂ 20–30 ಕಿ.ಮೀ. ಪ್ರಯಾಣಕ್ಕಾಗಿ ರೂಪಿಸಿದ್ದೆಂದು ಕಂಪನಿಯೇ ಹೇಳಿದೆ. 1936ರಲ್ಲಿ ವಿಮಾನ ಹಾರಿಸಿದ ಸರಳಾ ಠಕರಾಲ್ ಅವರ ಹೆಸರನ್ನು ಕಂಪನಿಗೆ ಇಡಲಾಗಿದೆ. ಚೆನ್ನೈನ ಐಐಟಿ ಮದ್ರಾಸ್ ಆವರಣದಲ್ಲಿ ಬೆಳೆದ ಇ-ಪ್ಲೇನ್ ಕಂಪನಿ ಇನ್ನೂ ಚಿಕ್ಕ ವಿಮಾನವೊಂದರ ಮೇಲೆ ಕೆಲಸ ಮಾಡುತ್ತಿದೆ.

ಹಂತ 3: ದೂರದ ಅಂಕಿಯನ್ನು ಸೋಸಿ

ಎಲ್ಲಕ್ಕಿಂತ ಹೆಚ್ಚು ಮೋಸಹೋಗುವುದು ಇಲ್ಲಿಯೇ ಆದ್ದರಿಂದ ಈ ಹಂತದಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12,000 ವ್ಯಾಟ್-ಗಂಟೆ ಶಕ್ತಿ ಅಡಗಿದ್ದರೆ, ಒಂದು ಕಿಲೋ ಒಳ್ಳೆಯ ಲಿಥಿಯಂ ಬ್ಯಾಟರಿ ಕೋಶದಲ್ಲಿರುವುದು 250ರಿಂದ 300. ವಿದ್ಯುತ್ ಮೋಟಾರು ಇಂಜಿನ್ನಿಗಿಂತ ಎಷ್ಟೇ ಮಿತವ್ಯಯಿಯಾಗಿದ್ದರೂ ಈ ಕಂದರ ತುಂಬುವುದಿಲ್ಲ. ಹೀಗಾಗಿ ಪ್ರತಿಯೊಂದು ಕಿಲೋಮೀಟರೂ ಲೆಕ್ಕಕ್ಕೆ ಬರುತ್ತದೆ. ಕಾರಿನ ಬ್ಯಾಟರಿ ಖಾಲಿಯಾದರೆ ರಸ್ತೆಬದಿಗೆ ನಿಲ್ಲಿಸಬಹುದು. ಗಾಳಿಯಲ್ಲಿ ರಸ್ತೆಬದಿ ಇಲ್ಲ. ಜೊತೆಗೆ, ಬ್ಯಾಟರಿ ಬಹುಪಾಲು ಬಳಕೆಯಾಗಿರುವ ಕೊನೆಯ ಗಳಿಗೆಯಲ್ಲಿಯೇ, ಅಂದರೆ ಇಳಿಯುವಾಗಲೇ, ಯಂತ್ರಕ್ಕೆ ಅತಿ ಹೆಚ್ಚು ಬಲ ಬೇಕಾಗುತ್ತದೆ.

ಆದ್ದರಿಂದ ಕಂಪನಿ ಹೇಳುವ ದೂರದ ಎದುರು ಮೂರು ಪ್ರಶ್ನೆ ಬರೆಯಿರಿ. ಆ ದೂರವನ್ನು ಜನರನ್ನು ಕೂರಿಸಿಕೊಂಡು ಹಾರಿದ್ದೇ? ಮೀಸಲು ಶಕ್ತಿಯನ್ನು ಕಳೆದು ಹೇಳಿದ್ದೇ, ಸೇರಿಸಿ ಹೇಳಿದ್ದೇ? ಹೊಸ ಬ್ಯಾಟರಿಯ ಅಂಕಿಯೇ, ಸಾವಿರ ಬಾರಿ ಚಾರ್ಜ್ ಆದ ಬ್ಯಾಟರಿಯದೇ?

ಮೊದಲ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಜೋಬಿಯದೇ. 2021ರ ಜುಲೈನಲ್ಲಿ ಅವರ ವಿಮಾನ ಒಂದೇ ಚಾರ್ಜಿನಲ್ಲಿ 248 ಕಿ.ಮೀ. ಹಾರಿತು. ನೇರವಾಗಿ ಏರಿ, ಗೊತ್ತುಪಡಿಸಿದ ಸುತ್ತನ್ನು ಹನ್ನೊಂದು ಬಾರಿ ಹಾಕಿ, 77 ನಿಮಿಷಗಳ ನಂತರ ನೇರವಾಗಿ ಇಳಿಯಿತು. ಸಾಧನೆ ದೊಡ್ಡದೇ, ಆದರೆ ಒಳಗೆ ಯಾರೂ ಇರಲಿಲ್ಲ. ನೆಲದಿಂದ ಅದನ್ನು ನಡೆಸಲಾಗುತ್ತಿತ್ತು. ಪ್ರಯಾಣಿಕ ಸೇವೆಗೆ ಅದೇ ಕಂಪನಿ ಹೇಳುವ ದೂರ ಸುಮಾರು 160 ಕಿ.ಮೀ. ಮಿಡ್‌ನೈಟ್‌ಗೂ ಗರಿಷ್ಠ 160 ಕಿ.ಮೀ. ಎನ್ನುತ್ತಾರೆ, ಆದರೆ ಅದನ್ನು ವಿನ್ಯಾಸ ಮಾಡಿರುವುದು 32 ಕಿ.ಮೀ. ಆಸುಪಾಸಿನ ಪ್ರಯಾಣಗಳನ್ನು ಒಂದರ ಹಿಂದೊಂದು ಮಾಡಲಿಕ್ಕೆ, ನಡುವೆ ಹತ್ತು ಹನ್ನೆರಡು ನಿಮಿಷ ಚಾರ್ಜ್ ಮಾಡಿಕೊಂಡು. ನಗರದ ಟ್ಯಾಕ್ಸಿಗೆ ಈ ಎರಡನೆಯ ಅಂಕಿಯೇ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನನಗನ್ನಿಸುತ್ತದೆ.

ಈಗ ಸೋಸುವ ಬಗೆ. ಹೆಲಿಕಾಪ್ಟರುಗಳು ಕಣ್ಣಳತೆಯ ಹಾರಾಟದಲ್ಲಿ, ಅಂದರೆ ಪೈಲಟ್ ಹೊರಗೆ ಕಣ್ಣಿಟ್ಟು ನಡೆಸುವ ಹಾರಾಟದಲ್ಲಿ, ಗುರಿ ತಲುಪಿದ ಮೇಲೂ ಇಪ್ಪತ್ತು ನಿಮಿಷ ಹಾರುವಷ್ಟು ಇಂಧನವನ್ನು ಮೀಸಲಿಡಬೇಕೆಂಬುದು ಅಂತರರಾಷ್ಟ್ರೀಯ ರೂಢಿ. ಅದೇ ಅಳತೆಯನ್ನು ಇಲ್ಲಿ ಹಿಡಿಯೋಣ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಇಪ್ಪತ್ತು ನಿಮಿಷವೆಂದರೆ 67 ಕಿ.ಮೀ. ಹೇಳಿದ 160ರಲ್ಲಿ ಮೀಸಲು ಸೇರಿದೆ ಎಂದು ಕಠಿಣವಾಗಿ ಭಾವಿಸಿದರೆ, ಉಳಿಯುವುದು 93. ಬ್ಯಾಟರಿ ಹಳತಾಗಿ, ಹವೆ ಬಿಸಿಯಾಗಿ, ಮೂಲ ಅಂಕಿಯಲ್ಲಿ ಶೇಕಡಾ 15 ಕುಸಿಯಿತೆಂದು ಹಿಡಿದರೆ 160 ಎಂಬುದು 136 ಆಗುತ್ತದೆ, ಮೀಸಲು ಕಳೆದರೆ 69. ಈ ಶೇಕಡಾ 15 ನನ್ನ ಊಹೆ. ವಿದ್ಯುತ್ ವಾಹನಗಳಲ್ಲಿ ಹೊಸತಿನ ಐದನೇ ಒಂದು ಭಾಗ ಕುಸಿದಾಗ ಬ್ಯಾಟರಿಯ ಆಯುಷ್ಯ ಮುಗಿಯಿತೆಂದು ಎಣಿಸುವ ರೂಢಿಯಿರುವುದರಿಂದ ಊಹೆ ಅತಿಯಾದದ್ದಲ್ಲ.

ನನ್ನ ಹಾಳೆಯ ಮೇಲೆ ಇದರ ಫಲ ಹೀಗಿದೆ. ಎಲೆಕ್ಟ್ರಾನಿಕ್ ಸಿಟಿಯ 40 ಕಿ.ಮೀ. ಧಾರಾಳವಾಗಿ ಹಿಡಿಯುತ್ತದೆ. ಹುಬ್ಬಳ್ಳಿಯ 85 ಕಿ.ಮೀ. ಹೊಸ ಬ್ಯಾಟರಿಯಿದ್ದಾಗ ಅಂಚಿನಲ್ಲಿ ದಾಟುತ್ತದೆ, ಹಳೆಯ ಬ್ಯಾಟರಿಯಲ್ಲಿ ದಾಟುವುದಿಲ್ಲ. ಇಎಚ್216-ಎಸ್‌ಗೆ ಈ ಸೋಸುವಿಕೆಯನ್ನು ಹಚ್ಚಿದರೆ 25 ನಿಮಿಷದಲ್ಲಿ 20 ನಿಮಿಷ ಮೀಸಲಿಗೇ ಹೋಗಿ ಕೈಗೆ ಉಳಿಯುವುದು ಐದೇ ನಿಮಿಷ. ಚೀನಾದಲ್ಲಿ ಅದನ್ನು ಗೊತ್ತಾದ ಜಾಗಗಳಲ್ಲಿ, ಪ್ರೇಕ್ಷಣೀಯ ಸ್ಥಳ ತೋರಿಸುವ ಗಿಡ್ಡ ಸುತ್ತುಗಳಿಂದ ಆರಂಭಿಸಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹಂತ 4: ನಮ್ಮ ಹವೆಯನ್ನು ಸೇರಿಸಿ

ಪ್ರೊಪೆಲ್ಲರ್ ಎತ್ತುವುದು ಗಾಳಿಯನ್ನು ಕೆಳಕ್ಕೆ ತಳ್ಳಿ. ಗಾಳಿ ತೆಳುವಾದರೆ ಅದೇ ಭಾರಕ್ಕೆ ಹೆಚ್ಚು ಬಲ ಬೇಕು. ಗಾಳಿಯನ್ನು ತೆಳುವಾಗಿಸುವುದು ಎರಡು: ಎತ್ತರ ಮತ್ತು ಬಿಸಿಲು. ಸಾಂಬ್ರಾ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದಾಗ ಇಲ್ಲಿನ ಗಾಳಿಯ ಸಾಂದ್ರತೆ, ಪ್ರಮಾಣಿತ ಲೆಕ್ಕದಲ್ಲಿ ಬಳಸುವ ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಶೇಕಡಾ 15ರಷ್ಟು ಕಡಿಮೆಯಾಗಿರುತ್ತದೆ. ಗಾಳಿಯಲ್ಲಿ ನಿಂತಲ್ಲೇ ನಿಲ್ಲಲು ಬೇಕಾದ ಬಲ ಅದರಿಂದ ಶೇಕಡಾ 8ರಷ್ಟು ಏರುತ್ತದೆ. ವಿಜಯಪುರ ಬೆಳಗಾವಿಗಿಂತ ತಗ್ಗಿನಲ್ಲಿದ್ದರೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದರಿಂದ ಅಲ್ಲಿಯ ಉತ್ತರವೂ ಹೆಚ್ಚು ಕಡಿಮೆ ಇಷ್ಟೇ ಬರುತ್ತದೆ.

ದುಬೈನಲ್ಲಿ ಜೋಬಿ ವಿಮಾನ 2025ರ ಜೂನ್ ತಿಂಗಳ ಸೆಕೆಯಲ್ಲಿ ಪರೀಕ್ಷಾ ಹಾರಾಟ ನಡೆಸಿತು; ಅಲ್ಲಿ ಹಾರಿದ ಮೇಲೆ ನಮ್ಮಲ್ಲಿ ಏನು ತೊಂದರೆ ಎಂದು ಕೇಳುವವರಿದ್ದಾರೆ. ದುಬೈ ಸಮುದ್ರದಂಡೆಯಲ್ಲಿದೆ. ಅಲ್ಲಿ 42 ಡಿಗ್ರಿ ಇದ್ದರೂ ಗಾಳಿಯ ಸಾಂದ್ರತೆ ಪ್ರಮಾಣಿತಕ್ಕಿಂತ ಶೇಕಡಾ 9ರಷ್ಟೇ ಕಡಿಮೆ. ಲೆಕ್ಕ ಮಾಡುವಾಗ ನನಗೂ ಅಚ್ಚರಿಯಾಯಿತು: ತಂಪು ಊರೆಂದು ಹೆಸರಾದ ನಮ್ಮ ಬೆಳಗಾವಿಯ ಏಪ್ರಿಲ್ ಗಾಳಿ ದುಬೈನ ಜೂನ್ ಗಾಳಿಗಿಂತ ತೆಳು. ಬ್ಯಾಟರಿಯನ್ನು ತಂಪಾಗಿಡುವ ವಿಷಯದಲ್ಲಿ ಮಾತ್ರ ದುಬೈ ಕಠಿಣ ಪರೀಕ್ಷೆ ಎಂಬುದು ನಿಜ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರ, ಚೋರ್ಲಾ ಕಡೆ ಮೋಡ ನೆಲಕ್ಕೆ ತಾಗಿ ನಿಂತಿರುವ ದಿನಗಳು ಎಷ್ಟೆಂದು ಆ ದಾರಿಯಲ್ಲಿ ಗೋವಾಕ್ಕೆ ಹೋಗಿಬಂದವರಿಗೆ ಹೇಳಬೇಕಾಗಿಲ್ಲ. ಆರಂಭದ ಏರ್ ಟ್ಯಾಕ್ಸಿ ಸೇವೆಗಳು ಕಣ್ಣಳತೆಯ ಹಾರಾಟವನ್ನೇ ನೆಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾಗಿ ಹೋಲಿಕೆಯ ಹಾಳೆಯಲ್ಲಿ ‘ವರ್ಷಕ್ಕೆ ಎಷ್ಟು ದಿನ ಹಾರಲಾರದು’ ಎಂಬ ಕಲಂ ಇರಲೇಬೇಕು. ಬೆಳಗಾವಿಯಿಂದ ಪಣಜಿ ನೇರ ಗೆರೆಯಲ್ಲಿ 80 ಕಿ.ಮೀ. ಆಸುಪಾಸು ಇರುವುದನ್ನು ನಕ್ಷೆಯಲ್ಲಿ ಕಂಡು ಯಾರಾದರೂ ಉತ್ಸಾಹಗೊಂಡರೆ ಈ ಕಲಮನ್ನು ಮೊದಲು ತೋರಿಸಿ.

ಹಂತ 5: ಕಾಗದಪತ್ರ ಕೇಳಿ

ವಿನ್ಯಾಸ ಸುರಕ್ಷಿತವೆಂದು ಹೇಳುವ ಮಾದರಿ ಪ್ರಮಾಣಪತ್ರ, ಉತ್ಪಾದನಾ ಪ್ರಮಾಣಪತ್ರ, ಆ ನಿರ್ದಿಷ್ಟ ವಿಮಾನದ ಹಾರಾಟ ಯೋಗ್ಯತೆಯ ಪ್ರಮಾಣಪತ್ರ, ಸೇವೆ ನಡೆಸುವವರ ಪರವಾನಗಿ: ಈ ನಾಲ್ಕೂ ಇದ್ದಾಗ ಮಾತ್ರ ಟಿಕೆಟ್ ಮಾರುವ ಮಾತು. ಪ್ರದರ್ಶನದಲ್ಲಿ ಹಾರಿದ್ದು, ಮಂತ್ರಿಗಳು ಒಳಗೆ ಕುಳಿತು ಫೋಟೋ ತೆಗೆಸಿಕೊಂಡದ್ದು ಪ್ರಮಾಣಪತ್ರವಲ್ಲ.

ಇಎಚ್216-ಎಸ್‌ಗೆ ಚೀನಾದ ನಾಗರಿಕ ವಿಮಾನಯಾನ ಆಡಳಿತ 2023ರ ಅಕ್ಟೋಬರಿನಲ್ಲಿ ಮಾದರಿ ಪ್ರಮಾಣಪತ್ರ ಕೊಟ್ಟಿತು; ಪೈಲಟ್ ಇಲ್ಲದೆ ಜನರನ್ನು ಒಯ್ಯುವ ಇಂಥ ವಿಮಾನಕ್ಕೆ ಜಗತ್ತಿನಲ್ಲಿ ಸಿಕ್ಕ ಮೊದಲ ಪ್ರಮಾಣಪತ್ರವದು. 2024ರ ಏಪ್ರಿಲ್‌ನಲ್ಲಿ ಉತ್ಪಾದನೆಗೆ, 2025ರ ಮಾರ್ಚ್‌ನಲ್ಲಿ ಗ್ವಾಂಗ್‌ಝೌ ಮತ್ತು ಹೆಫೆ ನಗರಗಳಲ್ಲಿ ಸೇವೆ ನಡೆಸುವುದಕ್ಕೆ ಅನುಮತಿಗಳು ಬಂದವು. ಕಾಗದಪತ್ರದ ಓಟದಲ್ಲಿ, ಹಾರುವ ದೂರದಲ್ಲಿ ಹಿಂದುಳಿದ ಯಂತ್ರವೇ ಮುಂದಿದೆ ಎಂಬುದು ಗಮನಿಸಬೇಕಾದ ಸಂಗತಿ. ಯುರೋಪಿನ ಸುರಕ್ಷತಾ ಸಂಸ್ಥೆ 2019ರಲ್ಲಿ ನೇರವಾಗಿ ಏರಿಳಿಯುವ ವಿಮಾನಗಳಿಗೆ ಹೊರಡಿಸಿದ ಷರತ್ತುಗಳು ಇನ್ನೂ ಬಿಗಿ: ನಗರದ ಮೇಲೆ ಹಣ ಪಡೆದು ಜನರನ್ನು ಒಯ್ಯುವ ವಿಮಾನದಲ್ಲಿ ಸರ್ವನಾಶದ ವೈಫಲ್ಯ ನೂರು ಕೋಟಿ ಹಾರಾಟ-ಗಂಟೆಗಳಿಗೆ ಒಂದಕ್ಕಿಂತ ಹೆಚ್ಚಿರಬಾರದು, ಅಂದರೆ ದೊಡ್ಡ ಪ್ರಯಾಣಿಕ ವಿಮಾನಗಳಿಗಿರುವ ಅಳತೆಯೇ ಇದಕ್ಕೂ. ಅಮೆರಿಕ 2024ರ ಅಕ್ಟೋಬರಿನಲ್ಲಿ ಈ ವರ್ಗದ ವಿಮಾನಗಳ ಪೈಲಟ್ ತರಬೇತಿ ಮತ್ತು ಹಾರಾಟಕ್ಕೆ ಅಂತಿಮ ನಿಯಮ ಪ್ರಕಟಿಸಿತು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರಲ್ಲಿ ಇಳಿದಾಣಗಳ ಕುರಿತು ಮಾರ್ಗಸೂಚಿ ಹೊರಡಿಸಿದೆ.

ಒಂದು ದೇಶದ ಪ್ರಮಾಣಪತ್ರ ಇನ್ನೊಂದು ದೇಶದಲ್ಲಿ ತಾನಾಗಿಯೇ ನಡೆಯುವುದಿಲ್ಲ. ಭಾರತದಲ್ಲಿ ಟಿಕೆಟ್ ಕೊಳ್ಳುವಾಗ ಕೇಳಬೇಕಾದದ್ದು ಡಿಜಿಸಿಎ ಒಪ್ಪಿಗೆಯನ್ನೇ.

ಹಂತ 6: ಸದ್ದನ್ನು ಅಳೆಯಿರಿ

ಪ್ರಯಾಣಿಕನಿಗಿಂತ ಹೆಚ್ಚಾಗಿ ಕೆಳಗೆ ಮನೆಯಲ್ಲಿ ಮಲಗಿರುವವನಿಗೆ ಸಂಬಂಧಿಸಿದ ಹಂತ ಇದು. ಜೋಬಿ ವಿಮಾನವನ್ನು ನಾಸಾ ಜೊತೆಗೂಡಿ ಅಳೆದಾಗ ಸುಮಾರು 500 ಮೀಟರ್ ಎತ್ತರದಲ್ಲಿ ಹಾದುಹೋಗುವಾಗ ನೆಲದಲ್ಲಿ 45 ಡೆಸಿಬೆಲ್, ಏರಿಳಿಯುವಾಗ 100 ಮೀಟರ್ ದೂರದಲ್ಲಿ 65 ಡೆಸಿಬೆಲ್‌ಗಿಂತ ಕಡಿಮೆ ಬಂತೆಂದು 2022ರಲ್ಲಿ ಕಂಪನಿ ತಿಳಿಸಿತು. ಹೆಲಿಕಾಪ್ಟರಿಗೆ ಹೋಲಿಸಿದರೆ ಇದು ಪಿಸುಮಾತು. ನಮ್ಮ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನೂರು ಮೀಟರಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ನಿಯಮದ ಅಂಕಿ ದೀರ್ಘ ಹೊತ್ತಿನ ಸರಾಸರಿ, ವಿಮಾನದ ಅಂಕಿ ಕ್ಷಣದ ಸದ್ದು, ಆದ್ದರಿಂದ ನೇರವಾಗಿ ಹೋಲಿಸಲಾಗದು. ಆದರೂ ಗಂಟೆಗೆ ಎರಡು ಬಾರಿ ಇಳಿಯುವುದಕ್ಕೂ ಇಪ್ಪತ್ತು ಬಾರಿ ಇಳಿಯುವುದಕ್ಕೂ ಸರಾಸರಿಯಲ್ಲಿ ಬಹಳ ಅಂತರವಿದೆ. ಕಂಪನಿಯನ್ನು ಒಂದು ಹಾರಾಟದ ಸದ್ದಿನ ಜೊತೆಗೆ ದಿನದ ಹಾರಾಟಗಳ ಸಂಖ್ಯೆಯನ್ನೂ ಕೇಳಿ.

ಹಂತ 7: ಇಳಿದಾಣ ಎಲ್ಲಿ?

ಏರ್ ಟ್ಯಾಕ್ಸಿ ಅಂಗಳಕ್ಕೆ ಬಂದು ಇಳಿಯುವುದಿಲ್ಲ. ಸುತ್ತ ತೆರವಿರುವ, ಬೆಂಕಿ ನಂದಿಸುವ ವ್ಯವಸ್ಥೆಯಿರುವ, ಭಾರೀ ವಿದ್ಯುತ್ ಸಂಪರ್ಕವಿರುವ ಜಾಗ ಅದಕ್ಕೆ ಬೇಕು. ಎತ್ತರದ ಕಟ್ಟಡದ ತಾರಸಿ ಇದಕ್ಕೆ ತಕ್ಕದ್ದೆಂದು ಚಿತ್ರಗಳಲ್ಲಿ ತೋರಿಸುತ್ತಾರೆ. ಅಲ್ಲಿ ನನಗೆ ಅಳುಕಿದೆ. ನ್ಯೂಯಾರ್ಕಿನ ಪ್ಯಾನ್ ಆಮ್ ಕಟ್ಟಡದ ತಾರಸಿಯಲ್ಲಿ 1977ರ ಮೇ 16ರಂದು ನಿಂತಿದ್ದ ಹೆಲಿಕಾಪ್ಟರಿನ ಚಕ್ರದ ಕಾಲು ಮುರಿದು, ತಿರುಗುತ್ತಿದ್ದ ರೆಕ್ಕೆ ಬಡಿದು ತಾರಸಿಯ ಮೇಲೆ ನಾಲ್ವರೂ, ಕೆಳಗೆ ಬೀದಿಯಲ್ಲಿ ನಡೆಯುತ್ತಿದ್ದ ಒಬ್ಬರೂ ಸತ್ತರು. ಆ ತಾರಸಿಯ ನಿಲ್ದಾಣ ಮತ್ತೆ ತೆರೆಯಲಿಲ್ಲ.

ನಮ್ಮಲ್ಲಿ ಇನ್ನೂ ಕೆಲವು ಅಡೆತಡೆಗಳಿವೆ. ಬೆಳಗಾವಿಯ ಕ್ಯಾಂಪ್ ಸೇನೆಯ ನೆಲ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ವಿಜಯಪುರದ ಗೋಳಗುಮ್ಮಟದ ಬಳಿಯೋ ಬಾದಾಮಿ, ಪಟ್ಟದಕಲ್ಲುಗಳಲ್ಲೋ ಇಳಿದಾಣ ಕಟ್ಟಬೇಕೆಂದರೆ, ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ವಲಯ. ಬಾದಾಮಿಯಿಂದ ಪಟ್ಟದಕಲ್ಲು ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ರೆಕ್ಕೆಯಿಲ್ಲದ ಚಿಕ್ಕ ಯಂತ್ರ ಪ್ರವಾಸಿಗರಿಗೆ ಮಲಪ್ರಭೆಯ ಕಣಿವೆಯನ್ನು ಮೇಲಿನಿಂದ ತೋರಿಸುವ ಕೆಲಸಕ್ಕೆ ಎಂದಾದರೂ ಒದಗಬಹುದು. ಅದನ್ನು ನಗರ ಸಾರಿಗೆ ಎನ್ನಲಾಗದು.

ಹಂತ 8: ಲಗೇಜು ಮತ್ತು ತೂಕ

ಮಿಡ್‌ನೈಟ್ ಹೊರುವ ಹೊರೆ ಸುಮಾರು 450 ಕಿಲೋ. ಪೈಲಟ್ ಸೇರಿ ಐದು ಜನ. ಭಾಗಿಸಿದರೆ ತಲೆಗೆ 90 ಕಿಲೋ, ಚೀಲ ಸೇರಿ. ಎರಡು ದೊಡ್ಡ ಸೂಟ್‌ಕೇಸು, ಮೇಲೊಂದು ಕುಂದಾದ ಡಬ್ಬಿ ಹಿಡಿದು ಪ್ರಯಾಣ ಮಾಡುವ ನಮ್ಮ ಪದ್ಧತಿಗೆ ಇದು ಹೊಂದುವುದಿಲ್ಲ.

ಹಂತ 9: ಉಳಿಸಿದ ನಿಮಿಷಕ್ಕೆ ಎಷ್ಟು ರೂಪಾಯಿ?

ಟಿಕೆಟ್ ದರವನ್ನು ಕಾರಿನ ಬಾಡಿಗೆಯೊಂದಿಗೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಏರ್ ಟ್ಯಾಕ್ಸಿ ದರದಲ್ಲಿ ಕಾರಿನ ಬಾಡಿಗೆ ಕಳೆದು, ಬಾಗಿಲಿನಿಂದ ಬಾಗಿಲಿಗೆ ಉಳಿದ ನಿಮಿಷಗಳಿಂದ ಭಾಗಿಸಿ. ಬಾಗಿಲಿನಿಂದ ಬಾಗಿಲಿಗೆ ಎಂಬುದರಲ್ಲಿ ಇಳಿದಾಣಕ್ಕೆ ಹೋಗುವುದು, ತೂಕ ಮತ್ತು ತಪಾಸಣೆ, ಹತ್ತುವುದು, ಹಾರಾಟ, ಇಳಿದ ಮೇಲೆ ಮತ್ತೆ ಆಟೋ ಹುಡುಕುವುದು ಎಲ್ಲವೂ ಬರಬೇಕು.

ಬೆಂಗಳೂರಿನಲ್ಲಿ 2018ರಲ್ಲಿ ವಿಮಾನ ನಿಲ್ದಾಣ ಮತ್ತು ಎಲೆಕ್ಟ್ರಾನಿಕ್ ಸಿಟಿ ನಡುವೆ ಹೆಲಿಕಾಪ್ಟರ್ ಟ್ಯಾಕ್ಸಿ ಶುರುವಾದಾಗ ಹಾರಾಟದ ಸಮಯ ಸುಮಾರು 15 ನಿಮಿಷ, ದರ 3,500 ರೂಪಾಯಿ ಮತ್ತು ತೆರಿಗೆ. ಅಂದಿನ ಆ ದರವನ್ನೇ ಇಟ್ಟುಕೊಂಡು ತೆರಿಗೆ ಸೇರಿಸಿದರೆ 4,130. ಕಾರಿಗೆ 1,500 ಎಂದೂ, ಹತ್ತಿಳಿಯುವ ಗಲಾಟೆಯೆಲ್ಲ ಕಳೆದು ಉಳಿದ ಸಮಯ 75 ನಿಮಿಷ ಎಂದೂ ಹಿಡಿಯಿರಿ. ನಿಮಿಷಕ್ಕೆ 35 ರೂಪಾಯಿ ಬೀಳುತ್ತದೆ. ಕೊಡುವವರು ಬೆಂಗಳೂರಿನಲ್ಲಿ ಇರಬಹುದು. ದೆಹಲಿಯಲ್ಲಿ ಇಂಡಿಗೋ ವಿಮಾನಗಳ ಹಿಂದಿರುವ ಇಂಟರ್‌ಗ್ಲೋಬ್ ಮತ್ತು ಆರ್ಚರ್ 2023ರ ನವೆಂಬರಿನಲ್ಲಿ ಘೋಷಿಸಿದ ಯೋಜನೆಯಲ್ಲಿ ಕನ್ನಾಟ್ ಪ್ಲೇಸಿನಿಂದ ಗುರುಗ್ರಾಮಕ್ಕೆ ಏಳು ನಿಮಿಷ ಎನ್ನಲಾಗಿತ್ತು, ಕಾರಿನಲ್ಲಿ 60ರಿಂದ 90 ನಿಮಿಷ. ದುಬೈನ ಯೋಜನೆಯಲ್ಲಿ ವಿಮಾನ ನಿಲ್ದಾಣದಿಂದ ಪಾಮ್ ಜುಮೈರಾ ದ್ವೀಪಕ್ಕೆ ಹತ್ತು ನಿಮಿಷ, ಕಾರಿನಲ್ಲಿ 45. ಈ ಏಳು, ಹತ್ತು ಎಂಬವು ಹಾರಾಟದ ನಿಮಿಷಗಳು ಮಾತ್ರ ಎಂಬುದನ್ನು ಮರೆಯದೆ, ಪ್ರತಿಯೊಂದಕ್ಕೂ ಕನಿಷ್ಠ ಇಪ್ಪತ್ತೈದು ಮೂವತ್ತು ನಿಮಿಷ ಕೂಡಿಸಿ ಬರೆಯಿರಿ.

ಅದೇ ಲೆಕ್ಕವನ್ನು ಸಾಂಬ್ರಾದ ಸಾಲಿಗೆ ಹಚ್ಚಿದೆ. ಹಾರಾಟ ಐದಾರು ನಿಮಿಷ. ಅದಕ್ಕೆ ಮೂವತ್ತು ಕೂಡಿಸಿದರೆ ಮೂವತ್ತಾರು. ಕಾರಿಗೆ ಮೂವತ್ತರಿಂದ ನಲವತ್ತು. ಉಳಿದದ್ದು ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ.

ಹಂತ 10: ಕಂಪನಿಯ ಉಸಿರು

ಮುಂಗಡ ಕೊಡುವವರಿಗೆ, ಷೇರು ಕೊಳ್ಳುವವರಿಗೆ ಮಾತ್ರ ಈ ಹಂತ. 2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ಪ್ರಯಾಣಿಕರನ್ನು ಹಾರಿಸುವೆವೆಂದಿದ್ದ ವೊಲೊಕಾಪ್ಟರ್‌ಗೆ ಸಮಯಕ್ಕೆ ಪ್ರಮಾಣಪತ್ರ ಸಿಗಲಿಲ್ಲ; ಅದೇ ಡಿಸೆಂಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಜರ್ಮನಿಯದೇ ಆದ ಲಿಲಿಯಂ ಅದಕ್ಕೂ ಎರಡು ತಿಂಗಳು ಮೊದಲೇ ಆ ದಾರಿ ಹಿಡಿದಿತ್ತು. ಎರಡೂ ಒಳ್ಳೆಯ ಇಂಜಿನಿಯರುಗಳಿದ್ದ ಕಂಪನಿಗಳು. ಪ್ರಮಾಣಪತ್ರ ಬರುವವರೆಗೆ ಆದಾಯವಿಲ್ಲ, ಖರ್ಚು ನಿಲ್ಲುವುದಿಲ್ಲ. ಹಾಗಾಗಿ ವಿಮಾನದ ಬ್ಯಾಟರಿಯ ಹಾಗೆ ಕಂಪನಿಯ ಖಜಾನೆಗೂ ‘ಇನ್ನೆಷ್ಟು ತಿಂಗಳು’ ಎಂಬ ಪ್ರಶ್ನೆಯನ್ನು ಹಾಕಿ.

ಹಾಳೆ ತುಂಬಿದ ಮೇಲೆ

ನನ್ನ ಮೂರು ಸಾಲುಗಳಲ್ಲಿ ಬೆಂಗಳೂರಿನ ಸಾಲು ಗೆದ್ದಿತು. ಮೂರನೆಯ ಜಾತಿಯ ಯಾವ ವಿಮಾನವಾದರೂ ಆ ದಾರಿಗೆ ಸಾಕು, ಅಲ್ಲಿ ಹೋಲಿಕೆ ನಡೆಯುವುದು ದರ, ಸದ್ದು, ಕಾಗದಪತ್ರಗಳ ಮೇಲೆ. ಹುಬ್ಬಳ್ಳಿಯ ಸಾಲು ಅಂಚಿನಲ್ಲಿ ನಿಂತಿದೆ: ಹಾರಾಟ ಇಪ್ಪತ್ತೈದು ನಿಮಿಷ, ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆಯ ಮೇಲೆ ಸ್ವಲ್ಪ, ಕಾರಿನಲ್ಲಿ ಎರಡು ಗಂಟೆಗೆ ಹತ್ತಿರ, ಸಮಯ ಉಳಿಯುತ್ತದೆ, ಬ್ಯಾಟರಿ ಸಾಲದು. ಮೀಸಲು ಕಳೆದ ಮೇಲೆ, ಹಳೆಯ ಬ್ಯಾಟರಿಯಲ್ಲಿ, ಏಪ್ರಿಲ್ ಮಧ್ಯಾಹ್ನದಲ್ಲಿ 100 ಕಿ.ಮೀ. ಹಾರುವೆನೆಂದು ಯಾವುದಾದರೂ ಕಂಪನಿ ಪ್ರಮಾಣಪತ್ರ ಸಹಿತ ತೋರಿಸಿದ ದಿನ ಆ ಸಾಲನ್ನು ಅಳಿಸಿ ಮತ್ತೆ ಬರೆಯುತ್ತೇನೆ. ಸಾಂಬ್ರಾ–ಟಿಳಕವಾಡಿಯ ಸಾಲನ್ನು ತಿದ್ದುವ ಕಾರಣ ನನಗೆ ಕಾಣುತ್ತಿಲ್ಲ. ಆ ದಾರಿಯ ಹತ್ತು ನಿಮಿಷ ಉಳಿಸಬೇಕಿದ್ದರೆ ರೈಲ್ವೆ ಗೇಟಿನ ಮೇಲೊಂದು ಸೇತುವೆ ಸಾಕೆಂದು ನೆರೆಮನೆಯ ಹಿರಿಯರಿಗೆ ಹೇಳಿದ್ದೇನೆ.